ಆದಿವಾಲದಿಂದ ಅಳೆದ ಆಕಾಶ

(ಆದಿವಾಲದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಬೇರೆ ಬೇರೆ ದೇಶಗಳು ತಮ್ಮೊಳಗಿನ ವಿಮಾನ ಸೇವೆಯನ್ನು ಹೇಗೆ ನಡೆಸುತ್ತವೆ ಎಂಬ ವಿಷಯವನ್ನು ನಾನು ಆರಿಸಿಕೊಂಡೆ ಎಂದಾಗ ಸಮಿತಿಯ ಹಿರಿಯರೊಬ್ಬರು, "ವಿಮಾನ ನಮ್ಮೂರ ಮೇಲೆ ಹಾದು ಹೋಗುತ್ತೆ ಕಣಪ್ಪ, ಇಳಿಯೋದಿಲ್ಲವಲ್ಲ" ಅಂದರು. ಅವರು ಹೇಳಿದ್ದರಲ್ಲೇ ನನ್ನ ವಿಷಯದ ತಿರುಳಿದೆ. ವಿಮಾನ ಇಳಿಯುವ ಊರಿನಲ್ಲಿ ನಿಂತು ಈ ಸೇವೆಯನ್ನು ಹೊಗಳುವುದು ಸುಲಭ. ಇಳಿಯದ ಊರಿನಲ್ಲಿ ನಿಂತಾಗಲೇ ಅದರ ನಿಜವಾದ ಅಳತೆ ಸಿಗುತ್ತದೆ. ಆದ್ದರಿಂದ ಈ ಸಂಜೆ ನನ್ನ ಅಳತೆಗೋಲಿನ ಒಂದು ತುದಿ ಆದಿವಾಲದ ಹೆದ್ದಾರಿಯ ಪಕ್ಕದಲ್ಲೇ ನೆಟ್ಟಿರುತ್ತದೆ.

ಇಲ್ಲಿಂದ ತೆಂಕಲಿಗೆ ಶಿರಾ, ತುಮಕೂರು ದಾಟಿ, ಡಾಬಸ್‌ಪೇಟೆಯಲ್ಲಿ ತಿರುಗಿ, ದೊಡ್ಡಬಳ್ಳಾಪುರದ ಮೇಲೆ ಹೋದರೆ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ. ಪಡುವಲಿಗೆ ಚಿತ್ರದುರ್ಗ, ಹೊಳಲ್ಕೆರೆ ದಾಟಿದರೆ ಶಿವಮೊಗ್ಗದ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ. ಎರಡೂ ನಮಗೆ ಹೆಚ್ಚುಕಡಿಮೆ ನೂರೈವತ್ತು ಕಿಲೋಮೀಟರ್. ನಮ್ಮ ತಾಲ್ಲೂಕು ಕೇಂದ್ರ ಹಿರಿಯೂರಿಗೆ ಇನ್ನೂ ರೈಲೇ ಇಲ್ಲ. ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಎರಡೂಮುಕ್ಕಾಲು ಗಂಟೆ. ಆ ಎರಡೂಮುಕ್ಕಾಲು ಗಂಟೆಗಾಗಿ ನಮ್ಮವರು ಮನೆ ಬಿಡುವುದು ಅದಕ್ಕೂ ಏಳು ಗಂಟೆ ಮೊದಲು.

ನಾನು ಇಪ್ಪತ್ತಾರು ವರ್ಷ ವಿಮಾನ ನಿಲ್ದಾಣದಲ್ಲಿ ನೆಲದ ಕೆಲಸ ಮಾಡಿದವನು. ಟಿಕೆಟ್ ನೋಡುವುದು, ಚೀಲ ತೂಗುವುದು, ಗೇಟಿನಲ್ಲಿ ಹೆಸರು ಕೂಗುವುದು, ವಿಮಾನ ತಡವಾದಾಗ ಬೈಸಿಕೊಳ್ಳುವುದು, ಇವೇ ನನ್ನ ಕೆಲಸ. ಅದರಲ್ಲಿ ಒಂದು ಬೆಳಗ್ಗೆಯನ್ನು ಮಾತ್ರ ನಿಮ್ಮ ಮುಂದಿಡಬೇಕು. ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ನಮ್ಮ ಸೀಮೆಯ ತಾಯಿಯೊಬ್ಬರು ಮಗಳ ಬಾಣಂತನಕ್ಕೆಂದು ದೆಹಲಿಗೆ ಹೊರಟಿದ್ದರು. ಮೊದಲ ವಿಮಾನಯಾನ. ರಾತ್ರಿ ಒಂದು ಗಂಟೆಗೆ ಹಿರಿಯೂರಿನಲ್ಲಿ ಬಸ್ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು, ವಿಮಾನ ನಿಲ್ದಾಣಕ್ಕೆ ಹೋಗುವ ವಾಯುವಜ್ರ ಬಸ್ ಹುಡುಕಿಕೊಂಡು ಬಂದವರು. ಕೌಂಟರಿಗೆ ಅವರು ಬರುವ ಹೊತ್ತಿಗೆ ವೇಳೆ ಮುಗಿದು ಏಳು ನಿಮಿಷವಾಗಿತ್ತು. ಕಂಪ್ಯೂಟರ್ ಆ ವಿಮಾನದ ಪಟ್ಟಿಯನ್ನು ಮುಚ್ಚಿತ್ತು. "ಬಸ್ ನೆಲಮಂಗಲದಾಗೆ ನಿಂತ್‌ಬಿಡ್ತು ಕಣಪ್ಪ, ಒಂಚೂರು ನೋಡು ಮಗಾ" ಅಂದರು. ನಾನು ನೋಡಿದೆ, ಮೇಲಿನವರನ್ನು ಕೇಳಿದೆ, ಆಗಲಿಲ್ಲ. ಮಧ್ಯಾಹ್ನದ ವಿಮಾನಕ್ಕೆ ಮೂರು ಪಟ್ಟು ದುಡ್ಡು ಕೊಟ್ಟು ಇನ್ನೊಂದು ಟಿಕೆಟ್ ಕೊಂಡರು. ಆಮೇಲೆ ಚೀಲ ಸ್ಕ್ಯಾನ್ ಆದಾಗ ಬಾಣಂತಿಗೆಂದು ಕಟ್ಟಿಕೊಂಡು ಬಂದಿದ್ದ ಉಂಡೆ ಕೊಬ್ಬರಿಯನ್ನು ತೆಗೆಸಿದರು. ಒಣ ಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚು, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು ಎಂಬ ಕಾರಣಕ್ಕೆ ಅದು ವಿಮಾನದ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ. ನಿಯಮ ಸರಿಯೇ ಇದೆ. ಆದರೆ ತೆಂಗಿನ ಸೀಮೆಯ ಆ ತಾಯಿಗೆ ಅದನ್ನು ಮೊದಲೇ, ಅವರ ಭಾಷೆಯಲ್ಲಿ, ಹೇಳಿದವರು ಯಾರೂ ಇರಲಿಲ್ಲ. ಅವರು ಕೊಬ್ಬರಿಯನ್ನು ನನ್ನ ಕೌಂಟರಿನ ಮೇಲಿಟ್ಟು, "ನೀನೇ ತಿನ್ನಪ್ಪ" ಎಂದು ಹೋದರು.

ಆ ತಾಯಿ ಮಾಡಿದ ತಪ್ಪೇನು? ನಿಲ್ದಾಣದಿಂದ ದೂರದ ಊರಲ್ಲಿ ಹುಟ್ಟಿದ್ದು, ಅಷ್ಟೇ. ಬೇರೆ ದೇಶಗಳಲ್ಲಿ ಇಂಥ ಪ್ರಯಾಣಿಕರಿಗೆ ಏನಾಗುತ್ತದೆ ಎಂದು ಓದತೊಡಗಿದ್ದು, ಕೆಲವು ಕಡೆ ಹೋಗಿ ನೋಡಿದ್ದು ಆಮೇಲೆ.

ಮೊದಲು ನಮ್ಮ ನೆಲದ ಕಥೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಒಂದು ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮೇಲೆ ಬೊಂಬಾಯಿಯ ಜುಹುಗೆ ಟಪಾಲು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಆ ಟಪಾಲನ್ನು ಮದ್ರಾಸಿಗೆ ಒಯ್ದರು. ನಡುವೆ ಇಳಿದ ಊರು ನಮ್ಮ ಪಕ್ಕದ ಬಳ್ಳಾರಿ. ಟಾಟಾ ಅವರ ಆ ಮೊದಲ ವಿಮಾನದಾರಿಯಲ್ಲೇ ನಮ್ಮ ಬಯಲುಸೀಮೆಯ ಒಂದು ಊರಿತ್ತು ಎಂಬುದನ್ನು ಶಾಲೆಯ ಮಕ್ಕಳು ನೆನಪಿಟ್ಟುಕೊಳ್ಳಬೇಕು. ಮುಂದೆ 1953ರಲ್ಲಿ ಸರ್ಕಾರ ಎಂಟು ಖಾಸಗಿ ಕಂಪನಿಗಳನ್ನು ಕೂಡಿಸಿ ಇಂಡಿಯನ್ ಏರ್‌ಲೈನ್ಸ್ ಮಾಡಿತು. ಹತ್ತಿರ ಹತ್ತಿರ ನಾಲ್ಕು ದಶಕ ದೇಶದೊಳಗಿನ ಹಾರಾಟ ಬಹುಪಾಲು ಅದರದೇ. 1994ರಲ್ಲಿ ಅದಕ್ಕೆ ಏಕಸ್ವಾಮ್ಯ ಕೊಟ್ಟಿದ್ದ ಕಾನೂನು ಹೋಯಿತು, ಖಾಸಗಿಯವರು ಪೂರ್ತಿಯಾಗಿ ಬಂದರು.

ಅಲ್ಲಿಯವರೆಗೂ ವಿಮಾನ ಎಂದರೆ ಸಾಹೇಬರ ಸವಾರಿ. ಅದನ್ನು ಬಸ್ಸಿನ ಹಾಗೆ ನೋಡಿದವರು ನಮ್ಮ ಪಕ್ಕದ ಹಾಸನ ಜಿಲ್ಲೆಯವರು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಸೈನ್ಯ ಬಿಟ್ಟು ಬಂದು ರೇಷ್ಮೆ ಬೆಳೆದವರು, ಆಮೇಲೆ ಹೆಲಿಕಾಪ್ಟರ್ ಕಂಪನಿ ಕಟ್ಟಿ, 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದರು. ರೆಕ್ಕೆಗೆ ಫ್ಯಾನಿರುವ ಸಣ್ಣ ಎಟಿಆರ್ ವಿಮಾನಗಳು ಹುಬ್ಬಳ್ಳಿಯಂಥ ಊರುಗಳಿಗೆ ಹಾರಿದವು. ಒಂದು ರೂಪಾಯಿಯ ಟಿಕೆಟ್ ಎಂಬುದು ಮನೆಮಾತಾಯಿತು. ಕಂಪನಿಯ ಗುರುತು ಮೈಸೂರಿನ ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯ, ಚೌಕಳಿ ಕೋಟಿನ ಆ ಮುದುಕ. ಅವತ್ತು ಕೌಂಟರಿನಲ್ಲಿದ್ದ ನನಗೆ ಗೊತ್ತು: ಪಂಚೆ ಉಟ್ಟವರು, ತಲೆಗೆ ಟವೆಲ್ ಸುತ್ತಿದವರು, ಮೊದಲ ಸಲ ಸಾಲಿನಲ್ಲಿ ನಿಂತರು. ಐದೇ ವರ್ಷದಲ್ಲಿ ಅದು ಕಿಂಗ್‌ಫಿಷರ್ ಜೊತೆ ಸೇರಿಹೋಯಿತು. 2012ರಲ್ಲಿ ಕಿಂಗ್‌ಫಿಷರ್ ಹಾರಾಟವೂ ನಿಂತಿತು. ಗೋಪಿನಾಥ್ ಹಳ್ಳಿಯವನಿಗೆ ವಿಮಾನದ ಬಾಗಿಲು ತೆರೆದರು ಎಂದು ನಾನು ಎದೆ ತಟ್ಟಿ ಹೇಳುತ್ತೇನೆ. ಆದರೆ ಆ ಬಾಗಿಲು ಒಬ್ಬ ಮನುಷ್ಯನ ಹಟದಿಂದ ತೆರೆದದ್ದು, ಕಾನೂನಿನಿಂದ ಅಲ್ಲ. ಹಟ ಸೋತ ದಿನ ಬಾಗಿಲು ಮುಚ್ಚಿತು.

ಇಲ್ಲಿಗೆ ಬಂದರೆ ದೇಶದೇಶಗಳ ನಡುವಿನ ಅಂತರ ಕಾಣಿಸುತ್ತದೆ. ಊಟ ಕೊಟ್ಟರೋ ಇಲ್ಲವೋ, ಕಾಲು ಚಾಚಲು ಜಾಗ ಎಷ್ಟು, ಚೀಲಕ್ಕೆ 15 ಕಿಲೋನೋ 23 ಕಿಲೋನೋ ಎಂದು ಹೋಲಿಸುವ ಪಟ್ಟಿಗಳು ಬೇಕಾದಷ್ಟಿವೆ. ಅವು ನನಗೆ ಮುಖ್ಯವಲ್ಲ. ಕಂಪನಿಗೆ ಲಾಭವಾಗದ ಊರಿಗೆ ವಿಮಾನ ಕಳಿಸುವ ಹೊಣೆ ಯಾರದು, ಹೊರಟ ವಿಮಾನ ಕೈಕೊಟ್ಟರೆ ಜನರ ಹೊಣೆ ಯಾರದು? ಈ ಎರಡಕ್ಕೆ ಒಂದೊಂದು ದೇಶ ಕೊಟ್ಟ ಉತ್ತರ ನೋಡೋಣ.

ಎರಡನೆಯದನ್ನು ಮೊದಲು ಮುಗಿಸುತ್ತೇನೆ. ಯುರೋಪಿನಲ್ಲಿ 2004ರ 261ನೇ ನಿಯಮ ಎಂದು ಒಂದಿದೆ. 1500 ಕಿಲೋಮೀಟರ್ ಒಳಗಿನ ಪ್ರಯಾಣ ಕಂಪನಿಯ ತಪ್ಪಿನಿಂದ ಮೂರು ಗಂಟೆಗಿಂತ ತಡವಾಗಿ ಮುಟ್ಟಿದರೆ ಪ್ರಯಾಣಿಕನ ಕೈಗೆ 250 ಯೂರೋ. ಟಿಕೆಟ್ 40 ಯೂರೋದ್ದಾಗಿದ್ದರೂ ಸರಿ. ನಿಯಮದಲ್ಲಿ ರದ್ದಾದ ವಿಮಾನದ ಮಾತು ಮಾತ್ರ ಸ್ಪಷ್ಟವಿತ್ತು, ತಡವೂ ರದ್ದಿಗೆ ಸಮ ಎಂದು 2009ರಲ್ಲಿ ಅಲ್ಲಿನ ನ್ಯಾಯಾಲಯ ಹೇಳಿತು. ಗಂಟೆಗೆ ಬೆಲೆ ಕಟ್ಟಿದ್ದು ಟಿಕೆಟ್ಟಿನ ದರದಿಂದಲ್ಲ ಎಂಬುದನ್ನು ಗಮನಿಸಿ. ಕಳೆದುಹೋದ ಹೊತ್ತು ಬಡವನದಾದರೂ ಹೊತ್ತೇ ಎಂದು ಒಪ್ಪಿಕೊಂಡಂತೆ. ಅಮೆರಿಕದಲ್ಲಿ ತಡಕ್ಕೆ ಪರಿಹಾರ ಕೊಡಲೇಬೇಕೆಂಬ ಕಾನೂನಿಲ್ಲ. ಮೂರು ಗಂಟೆ ತಡವಾದ ವಿಮಾನ ಬೇಡವೆಂದರೆ ದುಡ್ಡು ತಾನಾಗಿ ವಾಪಸ್ ಬರಬೇಕು ಎಂಬುದು ಅಲ್ಲಿ ಗಟ್ಟಿಯಾದದ್ದೂ 2024ರಲ್ಲಿ. ಆದರೆ ಜನರನ್ನು ಒಳಗೆ ಕೂರಿಸಿಕೊಂಡು ವಿಮಾನ ನೆಲದ ಮೇಲೆ ಮೂರು ಗಂಟೆಗಿಂತ ಹೆಚ್ಚು ಹೊತ್ತು ನಿಲ್ಲುವಂತಿಲ್ಲ ಎಂಬ 2010ರ ಅವರ ನಿಯಮ ಒಳ್ಳೆಯದು.

ನಮ್ಮಲ್ಲಿ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮದ ಪ್ರಕಾರ ತಡವಾದರೆ ತಿಂಡಿ, ಊಟ, ಆರು ಗಂಟೆ ಮೀರಿದರೆ ಬೇರೆ ವಿಮಾನ ಅಥವಾ ಹಣ ವಾಪಸು. ತಡಕ್ಕೆ ಪರಿಹಾರವಿಲ್ಲ. ಮುನ್ಸೂಚನೆಯಿಲ್ಲದೆ ರದ್ದು ಮಾಡಿದರೆ ಪ್ರಯಾಣದ ಅವಧಿ ನೋಡಿ 5,000, 7,500 ಅಥವಾ 10,000 ರೂಪಾಯಿ. ಆದರೆ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಅದಕ್ಕಿಂತ ಕಡಿಮೆಯಿದ್ದರೆ ಕಡಿಮೆಯಿದ್ದಷ್ಟೇ. ಅಗ್ಗದ ಟಿಕೆಟ್ ಕೊಂಡವನ ಹೊತ್ತು ಅಗ್ಗ ಎಂದಾಯಿತು. ಇದು ಬದಲಾಗಬೇಕು ಎಂದು ನಾನು ನೌಕರಿಯಲ್ಲಿದ್ದಾಗಲೂ ಹೇಳುತ್ತಿದ್ದೆ. 2025ರ ಡಿಸೆಂಬರ್ ಮೊದಲ ವಾರ ನಿಮಗೆಲ್ಲ ನೆನಪಿರಬೇಕು. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಸಿದ್ಧವಾಗದೆ ಇಂಡಿಗೋದ ಸಾವಿರಾರು ಹಾರಾಟಗಳು ರದ್ದಾದವು. ದೇಶದೊಳಗೆ ಹಾರುವ ಪ್ರತಿ ಹತ್ತು ಜನರಲ್ಲಿ ಆರಕ್ಕೂ ಹೆಚ್ಚು ಜನರನ್ನು ಒಂದೇ ಕಂಪನಿ ಹೊರುತ್ತಿದ್ದ ಕಾಲ ಅದು. ಉಳಿದವರ ದರ ಗಗನಕ್ಕೇರಿದಾಗ ಸರ್ಕಾರ 500 ಕಿಲೋಮೀಟರ್ ಒಳಗೆ 7,500 ರೂಪಾಯಿ, ಆಮೇಲೆ ದೂರ ನೋಡಿ ಇಷ್ಟಿಷ್ಟು ಎಂದು ತಾತ್ಕಾಲಿಕ ಮಿತಿ ಹಾಕಬೇಕಾಯಿತು. ಬೆಂಗಳೂರಿನವರು ಮನೆಗೆ ಮರಳಿದರು. ನಮ್ಮ ಕಡೆಯಿಂದ ಹೋದವರು ಮರಳಬೇಕಾದದ್ದು ನೂರೈವತ್ತು ಕಿಲೋಮೀಟರ್. ಆ ಟ್ಯಾಕ್ಸಿ ಬಾಡಿಗೆ ಯಾವ ನಿಯಮದ ಲೆಕ್ಕದಲ್ಲೂ ಬರುವುದಿಲ್ಲ.

ಇನ್ನು ಮೊದಲ ಪ್ರಶ್ನೆ. ಇದಕ್ಕೆ ನಾರ್ವೆಯ ಉತ್ತರವನ್ನು ನಾನು ಕಣ್ಣಾರೆ ಕಂಡೆ, ಅಲ್ಲಿ ನೆಲೆಸಿರುವ ಮಗಳ ಮನೆಗೆ ಹೋದಾಗ. ಉತ್ತರದ ಬೋಡೋ ಎಂಬ ಊರಿನಿಂದ ಸಮುದ್ರದಾಚೆಯ ಸ್ವೋಲ್ವಾರ್‌ಗೆ ಹೋದೆವು. ಅರ್ಧ ಗಂಟೆಯೂ ಇಲ್ಲದ ಹಾರಾಟ, ವಿಮಾನದಲ್ಲಿ 39 ಆಸನ. ನಮ್ಮ ಚೀಲ ತೂಗಿದ ಹೆಂಗಸೇ ಸ್ವಲ್ಪ ಹೊತ್ತಿನ ಮೇಲೆ ಕಿವಿಗೆ ಮುಚ್ಚಳ ಹಾಕಿಕೊಂಡು ಹೊರಗೆ ವಿಮಾನದ ಪಕ್ಕ ನಿಂತಿದ್ದಳು. ಪಕ್ಕದ ಸೀಟಿನಲ್ಲಿದ್ದವರು ಆಸ್ಪತ್ರೆಯ ಚೀಟಿ ಹಿಡಿದು ಹೋಗುತ್ತಿದ್ದ ಮೀನುಗಾರ. ನಮ್ಮವರು ಕೆಎಸ್ಆರ್‌ಟಿಸಿ ಹತ್ತಿ ದಾವಣಗೆರೆಯ ಆಸ್ಪತ್ರೆಗೆ ಹೋದ ಹಾಗೆ.

ಇದು ತಾನಾಗಿ ಆದದ್ದಲ್ಲ. 1968ರಿಂದ ಆ ಸರ್ಕಾರ ಕರಾವಳಿಯ ಸಣ್ಣ ಊರುಗಳಲ್ಲಿ ಬರೀ 800 ಮೀಟರ್ ಉದ್ದದ ರನ್‌ವೇಗಳನ್ನು ಕಟ್ಟುತ್ತ ಹೋಯಿತು. ಊರಿಗೆ ತಕ್ಕ ವಿಮಾನ, ವಿಮಾನಕ್ಕೆ ತಕ್ಕ ರನ್‌ವೇ. ವಿಡೆರೋ ಎಂಬ ಕಂಪನಿ ಅಲ್ಲಿಗೆಲ್ಲ ಹಾರುತ್ತದೆ. ದಿನಕ್ಕೆ ಎಷ್ಟು ಸಲ, ಎಷ್ಟು ಸೀಟು, ಗರಿಷ್ಠ ದರ ಎಷ್ಟು ಎಂದು ಸರ್ಕಾರ ಮೊದಲೇ ಬರೆದಿಟ್ಟು ಟೆಂಡರ್ ಕರೆಯುತ್ತದೆ. ಕಡಿಮೆ ಸಹಾಯಧನಕ್ಕೆ ಒಪ್ಪಿದವರಿಗೆ ಮಾರ್ಗ. ಅವಧಿ ಮುಗಿದರೆ ಮತ್ತೆ ಟೆಂಡರ್. ಊರನ್ನು ಸಾಮಾನ್ಯವಾಗಿ ಕೈಬಿಡುವುದಿಲ್ಲ. 1990ರಲ್ಲಿ ವೇರೋಯ್ ಎಂಬ ದ್ವೀಪದಿಂದ ಹೊರಟ ವಿಮಾನ ಬಿರುಗಾಳಿಗೆ ಸಿಕ್ಕಿ ಸಮುದ್ರಕ್ಕೆ ಬಿತ್ತು. ಆ ನಿಲ್ದಾಣ ಸುರಕ್ಷಿತವಲ್ಲ ಎಂದು ಮುಚ್ಚಿದರು, ದ್ವೀಪದವರಿಗೆ ಹೆಲಿಕಾಪ್ಟರ್ ಸೇವೆ ಕೊಟ್ಟರು. ಕೆಲವೇ ನೂರು ಜನರ ದ್ವೀಪವದು. ನಾರ್ವೆಯವರಿಗೂ ಕಷ್ಟಗಳಿವೆ. ಅಂಥ ಗಿಡ್ಡ ರನ್‌ವೇಗೆ ಹೊಂದುವ ಡ್ಯಾಶ್-8 ವಿಮಾನ ಈಗ ಹೊಸದಾಗಿ ತಯಾರಾಗುತ್ತಿಲ್ಲ, ಹಳೆಯದನ್ನೇ ಜೋಪಾನ ಮಾಡುತ್ತಿದ್ದಾರೆ. ನಾರ್ವೆ ಎಣ್ಣೆ ಸಿಕ್ಕ ಶ್ರೀಮಂತ ದೇಶ, ನಾವು ಅವರಂತಾಗಲು ಆಗುತ್ತದೆಯೇ ಎಂದು ನೀವು ಕೇಳಬಹುದು. ಅವರು ಆ ಮೊದಲ ಗಿಡ್ಡ ರನ್‌ವೇಗಳನ್ನು ಹಾಕಿದ್ದು ದೊಡ್ಡ ಎಣ್ಣೆ ನಿಕ್ಷೇಪ ಸಿಗುವ ಮುಂಚೆ, ಅದು ಸಿಕ್ಕಿದ್ದು 1969ರಲ್ಲಿ.

ಅಮೆರಿಕ ಎಂದರೆ ಪೂರ್ತಿ ಮಾರುಕಟ್ಟೆ ಎಂದುಕೊಂಡಿರುತ್ತೇವೆ. 1978ರಲ್ಲಿ ಅವರು ದರ, ಮಾರ್ಗಗಳ ಮೇಲಿನ ಸರ್ಕಾರದ ಹಿಡಿತವನ್ನು ತೆಗೆದುಹಾಕಿದಾಗ ಸಣ್ಣ ಊರಿನ ಸಂಸದರು ಗಲಾಟೆ ಎಬ್ಬಿಸಿದರು. ಅವತ್ತಿನವರೆಗೆ ವಿಮಾನ ಬರುತ್ತಿದ್ದ ಊರಿಗೆ ಮುಂದೆಯೂ ಬರಲೇಬೇಕು, ನಷ್ಟವನ್ನು ಸರ್ಕಾರ ತುಂಬಬೇಕು ಎಂದು ಅದೇ ಕಾಯ್ದೆಯಲ್ಲಿ ಸೇರಿಸಿದರು. ಹತ್ತು ವರ್ಷಕ್ಕೆಂದು ಶುರುವಾದದ್ದು ಇವತ್ತಿಗೂ ಇದೆ. ದೊಡ್ಡ ನಿಲ್ದಾಣದಿಂದ 70 ಮೈಲಿಗಿಂತ ದೂರವಿರಬೇಕು ಎಂಬುದು ಅವರ ಒಂದು ಅಳತೆ, ಅಂದರೆ ಸುಮಾರು 113 ಕಿಲೋಮೀಟರ್. ಆ ಒಂದು ಅಳತೆ ಹಿಡಿದರೆ ನಾವು ದೂರದವರೇ. ಸ್ಪೇನ್ ಇನ್ನೊಂದು ದಾರಿ ಹಿಡಿದಿದೆ. ವಿಮಾನಕ್ಕೆ ಸಹಾಯಧನ ಕೊಡುವ ಬದಲು ದ್ವೀಪದ ನಿವಾಸಿಗೇ ಟಿಕೆಟ್ಟಿನಲ್ಲಿ ಶೇ. 75 ರಿಯಾಯಿತಿ.

ಸಣ್ಣ ಊರಿನ ವಿಮಾನಯಾನದಲ್ಲಿ ಇನ್ನೊಂದು ಸುಖವಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ನ್ಯೂಜಿಲೆಂಡ್‌ನಲ್ಲಿ 90ಕ್ಕಿಂತ ಕಡಿಮೆ ಸೀಟಿನ ವಿಮಾನ ಹತ್ತುವವರಿಗೆ ಭದ್ರತಾ ತಪಾಸಣೆಯೇ ಇಲ್ಲ, ಬಸ್ಸಿಗೆ ಹತ್ತಿದ ಹಾಗೆ ನಡೆದು ಹತ್ತುತ್ತಾರೆ. ಆಸ್ಟ್ರೇಲಿಯದಲ್ಲಿ ದೇಶದೊಳಗಿನ ವಿಮಾನಕ್ಕೆ ಬೀಳ್ಕೊಡಲು ಬಂದವರು ಗೇಟಿನವರೆಗೂ ಬರಬಹುದು. ಸ್ಕಾಟ್ಲೆಂಡಿನ ಬಾರಾ ದ್ವೀಪದಲ್ಲಿ ವಿಮಾನ ಇಳಿಯುವುದು ಸಮುದ್ರದ ಮರಳಿನ ಮೇಲೆ, ಆದ್ದರಿಂದ ವೇಳಾಪಟ್ಟಿ ಬರೆಯುವುದು ಉಬ್ಬರ ಇಳಿತ ನೋಡಿ. ನಮ್ಮ ದೇಶದ ಭದ್ರತೆಯ ಚಿಂತೆ ಬೇರೆ, ತಪಾಸಣೆ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಎಲ್ಲ ನಿಲ್ದಾಣಕ್ಕೂ ಒಂದೇ ಗಡುವು, ಒಂದೇ ಸಾಲು ಬೇಕಿಲ್ಲ ಎಂಬುದಕ್ಕೆ ಇವು ಸಾಕ್ಷಿ. ಶಿವಮೊಗ್ಗದಲ್ಲಿ ಎಪ್ಪತ್ತು ಚಿಲ್ಲರೆ ಜನ ಹತ್ತುವ ವಿಮಾನಕ್ಕೂ ಬೆಂಗಳೂರಿನಷ್ಟೇ ಮೊದಲು ಹೋಗಿ ಕೂರಬೇಕೇ?

ಭಾಷೆಯದೂ ಅಷ್ಟೇ. ಏರ್ ಕೆನಡಾ ಪ್ರಯಾಣಿಕರಿಗೆ ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಸೇವೆ ಕೊಡಬೇಕೆಂಬುದು ಅಲ್ಲಿ ಕಾನೂನು. ಏರ್ ನ್ಯೂಜಿಲೆಂಡ್‌ನಲ್ಲಿ ಸ್ವಾಗತ ಮಾವೋರಿ ಭಾಷೆಯ "ಕಿಯಾ ಓರಾ"ದಿಂದ. ನಮ್ಮ ವಿಮಾನ ನಿಲ್ದಾಣಗಳಲ್ಲಿ ಪ್ರಕಟಣೆ ಮೊದಲು ಸ್ಥಳೀಯ ಭಾಷೆಯಲ್ಲಿರಬೇಕೆಂದು 2018ರ ಕೊನೆಯಲ್ಲಿ ಕೇಂದ್ರದ ಸೂಚನೆ ಬಂತು. ವಿಮಾನದ ಒಳಗೆ ಮಾತ್ರ ಕನ್ನಡ ಕೇಳಿಸುವುದು ಆ ದಿನದ ಸಿಬ್ಬಂದಿಯಲ್ಲಿ ಕನ್ನಡ ಬಲ್ಲವರಿದ್ದರೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ, ಬೆಳಗಾವಿಗೆ, ಶಿವಮೊಗ್ಗಕ್ಕೆ ಹಾರುವ ವಿಮಾನದಲ್ಲಿ ತುರ್ತು ಬಾಗಿಲು ಎಲ್ಲಿದೆ ಎಂಬುದನ್ನು ಕನ್ನಡದಲ್ಲಿ ಹೇಳುವುದು ಅಭಿಮಾನದ ಮಾತಷ್ಟೇ ಅಲ್ಲ, ಜೀವದ ಮಾತು. ಕೊಬ್ಬರಿಯ ವಿಷಯವನ್ನು ಟಿಕೆಟ್ಟಿನ ಮೇಲೆ ಕನ್ನಡದಲ್ಲಿ ಒಂದು ಸಾಲು ಬರೆದಿದ್ದರೆ ಆ ತಾಯಿ ಬರಿಗೈಯಲ್ಲಿ ಮಗಳ ಮನೆಗೆ ಹೋಗುತ್ತಿರಲಿಲ್ಲ.

ಈಗ ಸಣ್ಣ ಊರುಗಳಿಗೆ ವಿಮಾನ ಕಳಿಸುವ ನಮ್ಮ ಉಡಾನ್ ಯೋಜನೆ. 2016ರಲ್ಲಿ ಘೋಷಣೆ, 2017ರ ಏಪ್ರಿಲ್ 27ರಂದು ಶಿಮ್ಲಾ ಮತ್ತು ದೆಹಲಿ ನಡುವೆ ಮೊದಲ ಹಾರಾಟ. ಗಂಟೆಯ ಪ್ರಯಾಣಕ್ಕೆ ಅರ್ಧದಷ್ಟು ಸೀಟುಗಳ ದರ 2,500 ರೂಪಾಯಿ ಎಂಬ ಮಿತಿ. ನಷ್ಟ ತುಂಬುವ ಹಣದಲ್ಲಿ ಹೆಚ್ಚಿನದು ದೊಡ್ಡ ಮಾರ್ಗಗಳ ವಿಮಾನಗಳ ಮೇಲೆ ಹಾಕಿದ ಶುಲ್ಕದಿಂದ, ಉಳಿದದ್ದು ರಾಜ್ಯದಿಂದ. ಯೋಚನೆ ಬಹಳ ಒಳ್ಳೆಯದು. ನಮ್ಮಲ್ಲಿ ಕಲಬುರಗಿ 2019ರಲ್ಲಿ, ಬೀದರ್ 2020ರಲ್ಲಿ ತೆರೆದವು. 2014ರಲ್ಲಿ ದೇಶದಲ್ಲಿ 74 ನಿಲ್ದಾಣಗಳು ಕೆಲಸ ಮಾಡುತ್ತಿದ್ದವು, ಹತ್ತು ವರ್ಷದಲ್ಲಿ ಅವು ದುಪ್ಪಟ್ಟಾದವು.

ಆದರೆ ಸಹಾಯಧನಕ್ಕೆ ಮೂರು ವರ್ಷದ ಗಡುವು. ಆಮೇಲೆ ಮಾರ್ಗ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ನಿಂತಿತೇ? ಮಹಾಲೇಖಪಾಲರ 2023ರ ವರದಿ ನೋಡಿ. ಹಂಚಿದ 774 ಮಾರ್ಗಗಳಲ್ಲಿ ಹಾರಾಟ ಶುರುವಾದದ್ದು 371ರಲ್ಲಿ. ಮೂರು ವರ್ಷ ಪೂರೈಸಿದ್ದು 112. ಸಹಾಯಧನ ನಿಂತ ಮೇಲೂ ಉಳಿದದ್ದು 54. ಬೀದರಿನವರು 2023ರ ಕೊನೆಯಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ವಿಮಾನವಿಲ್ಲದ ನಿಲ್ದಾಣವನ್ನು ನೋಡುತ್ತ ಕುಳಿತರು. ನಾರ್ವೆಗೂ ನಮಗೂ ಇರುವ ವ್ಯತ್ಯಾಸ ಶ್ರೀಮಂತಿಕೆಯದಕ್ಕಿಂತ ಹೆಚ್ಚಾಗಿ ಇದರದು. ಅವರದು ಊರಿನ ಜೊತೆ ಮಾಡಿಕೊಂಡ ಒಪ್ಪಂದ, ನಮ್ಮದು ಕಂಪನಿಯ ಜೊತೆ. ಕಂಪನಿ ಹೋದರೆ ಊರು ಕೇಳುವುದು ಯಾರನ್ನು?

ಕಂಪನಿಯೂ ಊರೂ ಎರಡೂ ಹೊಣೆ ಹೊತ್ತ ಒಂದು ಉದಾಹರಣೆ ನನಗೆ ಜಪಾನಿನಲ್ಲಿ ಸಿಕ್ಕಿತು. ಓದಿ ತಿಳಿದದ್ದು, ಆದರೆ ಬಹಳ ದಿನ ಅದೇ ಗುಂಗಿನಲ್ಲಿದ್ದೆ. ಆ ದೇಶದ ಪಡುವಣ ಸಮುದ್ರಕ್ಕೆ ಚಾಚಿಕೊಂಡ ನೋಟೋ ಎಂಬ ಪರ್ಯಾಯ ದ್ವೀಪ. ಮೀನು, ಭತ್ತ, ಅರಗಿನ ಪಾತ್ರೆ ಕೆಲಸ. ಮಕ್ಕಳೆಲ್ಲ ಟೋಕಿಯೋ ಸೇರಿ ಊರಲ್ಲಿ ಮುದುಕರೇ ಉಳಿದ ಸೀಮೆ. 2003ರಲ್ಲಿ ಅಲ್ಲೊಂದು ವಿಮಾನ ನಿಲ್ದಾಣ ತೆರೆದರು. ಎಎನ್ಎ ಎಂಬ ವಿಮಾನ ಕಂಪನಿ ಬರಲು ಹಿಂದೆ ಮುಂದೆ ನೋಡಿದಾಗ ಜಿಲ್ಲೆಯವರು ಒಂದು ಪಣ ಕಟ್ಟಿದರು. ವರ್ಷದಲ್ಲಿ ಸರಾಸರಿ ಶೇ. 70 ಸೀಟು ತುಂಬದಿದ್ದರೆ ನಿಮ್ಮ ನಷ್ಟ ನಾವು ಕೊಡುತ್ತೇವೆ, ಅದಕ್ಕಿಂತ ಹೆಚ್ಚು ತುಂಬಿದರೆ ನೀವು ನಮಗೆ ಕೊಡಿ. ಊರಿನ ಸಂಘಗಳು ಟೋಕಿಯೋಗೆ ಹೋಗುವವರನ್ನು ವಿಮಾನದಲ್ಲೇ ಕಳಿಸಿದವು, ಟೋಕಿಯೋದವರನ್ನು ಪ್ರವಾಸಕ್ಕೆ ಕರೆತಂದವು. ಮೊದಲ ವರ್ಷವೇ ಹತ್ತಿರ ಹತ್ತಿರ ಶೇ. 80 ತುಂಬಿತು. ಕಂಪನಿ ಜಿಲ್ಲೆಗೆ ಹಣ ಕೊಟ್ಟಿತು.

ಆ ನಿಲ್ದಾಣದ ಕಟ್ಟಡವೂ ಬೇರೆ ಥರದ್ದು. ದಿನಕ್ಕೆ ಎರಡು ಸಲ ವಿಮಾನ ಬಂದರೆ ಉಳಿದ ಹೊತ್ತು ಕಟ್ಟಡ ಖಾಲಿ ಬಿದ್ದಿರಬಾರದೆಂದು ಸರ್ಕಾರಿ ಕಚೇರಿಗಳನ್ನೂ ಅದೇ ಕಟ್ಟಡಕ್ಕೆ ತಂದರು. ಹೆದ್ದಾರಿಯಲ್ಲಿ ಹೋಗುವವರು ನಿಂತು ಊಟ ಮಾಡಿ, ಊರಿನ ಬೆಳೆ ಕೊಳ್ಳುವ ತಂಗುದಾಣವೂ ಅದೇ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅವರ ಟ್ಯಾಕ್ಸಿ. ಅದರ ಹೆಸರು ಫುರುಸಾಟೋ ಟ್ಯಾಕ್ಸಿ, ಹುಟ್ಟೂರಿನ ಟ್ಯಾಕ್ಸಿ ಎಂದರ್ಥ. ಮೊದಲೇ ಹೇಳಿಟ್ಟರೆ ವಿಮಾನದ ಹೊತ್ತಿಗೆ ಸರಿಯಾಗಿ, ಒಂದೇ ದಿಕ್ಕಿನ ನಾಲ್ಕಾರು ಜನರನ್ನು ಕೂಡಿಸಿಕೊಂಡು, ಗೊತ್ತಾದ ಕಡಿಮೆ ದರಕ್ಕೆ ಊರಿಗೆ ಮುಟ್ಟಿಸುತ್ತದೆ. ವಿಮಾನ ಸೇವೆ ಎಂದರೆ ಮನೆಬಾಗಿಲಿನಿಂದ ಮನೆಬಾಗಿಲಿಗೆ ಎಂದು ಆ ಮುದುಕರ ಸೀಮೆಯವರು ಅರ್ಥ ಮಾಡಿಕೊಂಡಿದ್ದರು. 2024ರ ಜನವರಿ 1ರ ಭೂಕಂಪದಲ್ಲಿ ಆ ರನ್‌ವೇ ಬಿರುಕು ಬಿಟ್ಟಿತು. ಅದೇ ತಿಂಗಳ ಕೊನೆಯೊಳಗೆ ತೇಪೆ ಹಾಕಿ ಪ್ರಯಾಣಿಕರ ವಿಮಾನ ಮತ್ತೆ ಇಳಿಯಿತು.

ಇಷ್ಟು ಹೇಳಿದ ಮೇಲೆ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು. ಸಭೆಗೆ ಬರುವಾಗಲೇ ಇಬ್ಬರು ಹುಡುಗರು ಕೇಳಿದರು: "ಅಣ್ಣಾ, ನಮ್ಮ ಜಿಲ್ಲೆಯಾಗೇ ರನ್‌ವೇ ಐತಲ್ಲ?" ಇದೆ. ಚಳ್ಳಕೆರೆ ತಾಲ್ಲೂಕಿನಲ್ಲಿ ಡಿಆರ್‌ಡಿಒ ಸಂಸ್ಥೆಯ ವೈಮಾನಿಕ ಪರೀಕ್ಷಾ ಕೇಂದ್ರ 2017ರಲ್ಲಿ ಶುರುವಾಯಿತು. ಇಸ್ರೋದವರು ಮರುಬಳಕೆಯ ಉಡಾವಣಾ ವಾಹನವನ್ನು ಚಿನೂಕ್ ಹೆಲಿಕಾಪ್ಟರಿನಿಂದ ಬಿಟ್ಟು, ಅದು ತಾನಾಗಿ ಬಂದು ಇಳಿಯುವುದನ್ನು 2023ರ ಏಪ್ರಿಲ್ 2ರಂದು ತೋರಿಸಿದ್ದು ಆ ರನ್‌ವೇ ಮೇಲೆಯೇ. ಅದೇ ವರ್ಷದ ಆಗಸ್ಟ್‌ನಲ್ಲಿ ತಪಸ್ ಎಂಬ ಪೈಲಟ್ ರಹಿತ ವಿಮಾನ ನಮ್ಮ ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿದ್ದದ್ದು ನಿಮಗೂ ಗೊತ್ತು. ಪರೀಕ್ಷೆಗೆಂದೇ ಮೀಸಲಾದ ಅಂಥ ಆಕಾಶದಲ್ಲಿ ಪ್ರಯಾಣಿಕರ ವಿಮಾನ ಹಾರಿಸುವ ಮಾತು ಬೇಡ.

ಹಾಗಾದರೆ ಚಿತ್ರದುರ್ಗಕ್ಕೇ ಒಂದು ನಿಲ್ದಾಣ ಬೇಕೇ? ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ನಿಲ್ದಾಣದಲ್ಲಿ ದುಡಿದವನೇ ಬೇಡವೆನ್ನುತ್ತಾನಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ. ಬೆಂಗಳೂರಿನಿಂದ ಇನ್ನೂರು ಕಿಲೋಮೀಟರಿನಲ್ಲಿ ಆರು ಪಥದ ಹೆದ್ದಾರಿಯಿರುವ ಊರಿಗೆ ವಿಮಾನ ತುಂಬುವುದಿಲ್ಲ, ಮೂರು ವರ್ಷದ ಸಹಾಯಧನ ಮುಗಿದ ಮೇಲೆ ಉಳಿಯುವುದೂ ಇಲ್ಲ. ಫ್ರಾನ್ಸ್ 2023ರಲ್ಲಿ, ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ಮುಟ್ಟಬಹುದಾದ ಕಡೆ ವಿಮಾನವೇ ಬೇಡ ಎಂದು ಪ್ಯಾರಿಸ್‌ನ ಓರ್ಲಿಯಿಂದ ಲಿಯೋನ್, ನಾಂತ್, ಬೋರ್ಡೋಗಳ ಹಾರಾಟ ನಿಲ್ಲಿಸಿತು. ನಮ್ಮ ಮುಂದೆ ತುಮಕೂರಿನಿಂದ ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ಹೋಗುವ ನೇರ ರೈಲು ಮಾರ್ಗದ ಕೆಲಸವಿದೆ. ನಿಲ್ದಾಣಕ್ಕೆ ಅರ್ಜಿ ಬರೆಯುವ ಕೈ ಆ ರೈಲಿಗೆ ಬರೆಯಲಿ. ಶಿವಮೊಗ್ಗದ ರನ್‌ವೇ ಮೂರು ಕಿಲೋಮೀಟರಿಗಿಂತ ಉದ್ದವಿದೆ, 2023ರ ಆಗಸ್ಟ್ 31ರಿಂದ ಅಲ್ಲಿಗೆ ವಿಮಾನ ಬರುತ್ತಿದೆ. ಅದನ್ನು ಉಳಿಸಿಕೊಳ್ಳಬೇಕಾದವರು ಶಿವಮೊಗ್ಗದವರಷ್ಟೇ ಅಲ್ಲ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನವರೂ ಹೌದು.

ನಮಗೆ ತಕ್ಷಣ ಬೇಕಾದದ್ದು ನೋಟೋದ ಆ ಟ್ಯಾಕ್ಸಿ. ಕೆಎಸ್ಆರ್‌ಟಿಸಿಯ ಫ್ಲೈಬಸ್ ಬೆಂಗಳೂರು ವಿಮಾನ ನಿಲ್ದಾಣದಿಂದ ನೇರ ಮೈಸೂರಿಗೆ ವರ್ಷಗಳಿಂದ ಓಡುತ್ತಿದೆ, ಮೈಸೂರಿನವರು ಮೆಜೆಸ್ಟಿಕ್ ಹೊಗುವುದೇ ಇಲ್ಲ. ಅಂಥದೇ ಬಸ್ಸು ಈ ಹೆದ್ದಾರಿಯಲ್ಲಿ ಡಾಬಸ್‌ಪೇಟೆಯ ದಾರಿ ಹಿಡಿದು, ವಿಮಾನಗಳ ವೇಳೆ ನೋಡಿಕೊಂಡು, ಹಿರಿಯೂರಿನಲ್ಲೂ ಶಿರಾದಲ್ಲೂ ನಿಂತು ಜನರನ್ನು ಹತ್ತಿಸಿಕೊಂಡು ಓಡಬೇಕು. ಬಸ್ಸಿಗೆ ಸಾಲುವಷ್ಟು ಜನವಿಲ್ಲದ ಹೊತ್ತಿಗೆ ಟ್ಯಾಕ್ಸಿ. ಬೆಳಗಿನ ಆರೂವರೆಯ ವಿಮಾನಕ್ಕೆ ಕೌಂಟರ್ ಐದೂವರೆಗೆ ಮುಚ್ಚುತ್ತದೆ. ಇಲ್ಲಿಂದ ಒಂದೂವರೆಗೆ ಹೊರಟರೆ ನಾಲ್ಕೂವರೆಗೆ ಅಲ್ಲಿ. ಒಬ್ಬರೇ ಹೋದರೆ ಬಾಡಿಗೆ ವಿಮಾನದ ಟಿಕೆಟ್ಟನ್ನೇ ಮೀರಬಹುದು, ಐವರು ಕೂಡಿದರೆ ಬಸ್ಸಿನ ದರಕ್ಕೆ ಹತ್ತಿರ ಬರುತ್ತದೆ.

ಆ ಐವರು ಯಾರು, ಯಾವ ದಿನ ಹೋಗುತ್ತಾರೆ ಎಂಬುದು ಮಾತ್ರ ನಮಗೆ ಗೊತ್ತಿಲ್ಲ. ನೋಟೋದವರ ಹಾಗೆ ಪಣ ಕಟ್ಟುವ ಮುಂಚೆ ನಮ್ಮ ಜನರನ್ನು ಎಣಿಸಬೇಕು, ನಾವಿನ್ನೂ ಎಣಿಸಿಲ್ಲ. ಮಗ ಸೈನ್ಯದಲ್ಲಿರುವ ಮನೆ ಎಷ್ಟು, ಪುಣೆ ಹೈದರಾಬಾದಿನಲ್ಲಿ ಕೆಲಸದಲ್ಲಿರುವವರು ಎಷ್ಟು, ದಾಳಿಂಬೆ ವ್ಯಾಪಾರಕ್ಕೆ ದೆಹಲಿಗೆ ಹೋಗಿ ಬರುವವರು ಎಷ್ಟು, ಆಸ್ಪತ್ರೆಗೆ ಹೋಗುವವರು ಎಷ್ಟು? ಈ ಸಭಾಂಗಣದ ಬಾಗಿಲ ಹತ್ತಿರ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಕಳೆದ ಒಂದು ವರ್ಷದಲ್ಲಿ ನಿಮ್ಮ ಮನೆಯಿಂದ ಯಾರು ಯಾವ ತಿಂಗಳಲ್ಲಿ ಯಾವ ಊರಿಗೆ ವಿಮಾನದಲ್ಲಿ ಹೋದರು, ಇಲ್ಲಿಂದ ಎಷ್ಟು ಗಂಟೆಗೆ ಹೊರಟರು, ನಿಲ್ದಾಣ ಮುಟ್ಟಲು ಎಷ್ಟು ಖರ್ಚಾಯಿತು ಎಂದು ಬರೆದು ಹೋಗಿ. ಹೆಸರು ಬರೆಯಬೇಕಾಗಿಲ್ಲ. ಪಕ್ಕದಲ್ಲೇ ಇಬ್ಬರು ಕಾಲೇಜಿನ ಹುಡುಗಿಯರು ಕೂತಿದ್ದಾರೆ, ಬರೆಯಲು ಬಾರದವರು ಹೇಳಿದರೆ ಅವರೇ ಬರೆದುಕೊಳ್ಳುತ್ತಾರೆ. ಮೊದಲ ಸಾಲನ್ನು ನಾನೇ ಬರೆದಿದ್ದೇನೆ.